ಚೆಂಡಿನ ಮಾತು ಬೇಡ

ಮಳೆ ಹಿಂದೆ ಸರಿದು ಚಳಿ ಇನ್ನೂ ಕಾಲಿಡದ ದಿನಗಳು. ದೀಪ ಹಾಕುವ ಹೊತ್ತು. ಅಡುಗೆಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಸೊಸೆ, ಪರದೆಯ ಮೇಲಿನ ಕಪ್ಪು ಚೌಕಗಳಿಗೆ ನಾಯಕತ್ವದ ಪಾಠ ಹೇಳುತ್ತಿದ್ದಳು. ಒಂದೊಂದು ಚೌಕದ ಹಿಂದೆಯೂ ಒಬ್ಬ ಫುಟ್‌ಬಾಲ್ ಕೋಚ್, ಇಲ್ಲವೇ ತಂಡದ ಮ್ಯಾನೇಜರ್ ಇರಬೇಕು. ಇದ್ದಾರೋ ಇಲ್ಲವೋ, ದೇವರೇ ಬಲ್ಲ. ಒಂದು ಚೌಕದಿಂದ ಗೊರಕೆ ಬರುತ್ತಿತ್ತು.

"ಗೋಡೆಗೆ ಪಾಠ ಹೇಳೋದಕ್ಕೂ ಸಂಬಳ ಕೊಡ್ತಾರೇನೇ?" ಎಂದರು ಒಲೆಯ ಮುಂದಿದ್ದ ಅತ್ತೆ.

ಆ ಸಂಬಳ ಇನ್ನೆಷ್ಟು ದಿನವೋ ಸೊಸೆಗೂ ಗೊತ್ತಿರಲಿಲ್ಲ. ತರಬೇತಿ ಸಂಸ್ಥೆಯ ಸಾಹೇಬರಿಗೆ ಸ್ವಂತದ್ದೊಂದು ಫುಟ್‌ಬಾಲ್ ತಂಡವಿತ್ತು. ಸೋಲುವುದರಲ್ಲಿ ಅದು ಎತ್ತಿದ ಕೈ. "ತರಗತಿ ಮುಗಿಯೋದರೊಳಗೆ ನನ್ನ ತಂಡಕ್ಕೊಬ್ಬ ಒಳ್ಳೆ ಕೋಚ್‌ನ ಹುಡುಕಿಕೊಡಿ. ಇಲ್ಲಾಂದ್ರೆ ತರಗತಿಗೂ ಬೀಗ, ನಿಮ್ಮ ಕೆಲಸಕ್ಕೂ ಬೀಗ," ಎಂದು ಅವರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು.

ಸೊಸೆಯಾದರೋ ಹುಟ್ಟಿದಾಗಿನಿಂದ ಚೆಂಡು ಒದ್ದವಳಲ್ಲ. ಅದಕ್ಕೇ ಮೊದಲ ದಿನವೇ ಒಂದು ಕಟ್ಟಳೆ ಹಾಕಿದ್ದಳು: "ಇಲ್ಲಿ ಚೆಂಡಿನ ಮಾತು ಬೇಡ, ಆಟದ ಮಾತೂ ಬೇಡ. ಅದು ನಿಮಗೆ ಗೊತ್ತಿರೋದೇ. ಇಲ್ಲಿ ಬರೀ ಜನರ ಮಾತು." ಗುಟ್ಟೂ ಉಳಿಯಿತು, ಮರ್ಯಾದೆಯೂ ಉಳಿಯಿತು.

ಎರಡನೆಯ ಸಂಜೆ ಕಪ್ಪು ಚೌಕಗಳ ನಡುವೆ ಒಂದು ಮುಖ ಬೆಳಗಿತು. ಮುಖಕ್ಕಿಂತ ಮೊದಲು ಮೀಸೆ.

"ನೀವು ನಿನ್ನೆ ಯಾಕೆ ಬರಲಿಲ್ಲ?"

"ಕೊನೇ ಗಳಿಗೇಲಿ ಪ್ಲಾಟ್‌ಫಾರಂ ಬದಲಾಯಿಸಿಬಿಟ್ರು, ಮೇಡಂ. ಅಲ್ಲಿಂದಿಲ್ಲಿಗೆ ಓಡೋದ್ರಲ್ಲೇ ಹೊತ್ತು ಹೋಯ್ತು."

ಸೊಸೆ ನಾಲಿಗೆ ಕಚ್ಚಿಕೊಂಡಳು. ಒಂದು ಆ್ಯಪ್ ಕೈಕೊಟ್ಟು, ತರಗತಿಯನ್ನು ಇನ್ನೊಂದಕ್ಕೆ ಎತ್ತಿಹಾಕಿದ್ದು ನಿಜವೇ.

"ಇರಲಿ. ಈ ತರಬೇತಿಗೆ ಯಾಕೆ ಸೇರಿದ್ರಿ?"

"ಕೋಚ್‌ನವರು ಜನರ ಹತ್ರ ಹೇಗೆ ನಡ್ಕೋಬೇಕು ಅಂತ ಕಲೀರಿ ಅಂದ್ರು ಆಫೀಸಲ್ಲಿ. ನಿಮ್ಮ ಜಾಹೀರಾತಿನಲ್ಲೂ ಕೋಚ್‌ನವರಿಗೆ ಅಂತಲೇ ಇತ್ತು."

"ನಿಮ್ಮ ಕೈಕೆಳಗೆ ಎಷ್ಟು ಜನ?"

"ಎಪ್ಪತ್ತು ಚಿಲ್ಲರೆ. ರಜಾ ಬಂತೂಂದ್ರೆ ಕಾಯೋರ ಸಾಲು ಬೇರೆ."

ದೊಡ್ಡ ಕ್ಲಬ್ಬೇ ಇರಬೇಕು! ಸೊಸೆ ಬೆನ್ನು ನೆಟ್ಟಗೆ ಮಾಡಿದಳು. "ಯಾರನ್ನ ಎಲ್ಲಿ ಹಾಕಬೇಕು ಅಂತ ಹೇಗೆ ತೀರ್ಮಾನ ಮಾಡ್ತೀರಿ?"

"ಅದರಲ್ಲೇನಿದೆ ಮೇಡಂ? ವಯಸ್ಸಾದೋರು ಕೆಳಗೆ, ಎಳೆಯರು ಮೇಲೆ. ಬದೀಗೆ ಹಾಕಿದೋರು ಮಾತ್ರ ಸದಾ ಗೊಣಗ್ತಾರೆ, ಕಾಲಾಡಿಸೋಕೆ ಜಾಗ ಇಲ್ಲ ಅಂತ."

ಗೊರಕೆ ನಿಂತಿತು. ಆ ಕಪ್ಪು ಚೌಕದಿಂದ ದನಿ ಬಂತು: "ಹೌದ್ರೀ! ನಮ್ಮಲ್ಲೂ ಬದಿಯೋರದ್ದು ಅದೇ ಗೋಳು!"

"ಯಾರಾದ್ರೂ ಗಲಾಟೆ ಮಾಡಿದ್ರೆ?" ಸೊಸೆ ಕೇಳಿದಳು.

"ಕೈಮುಗಿದು ಹೇಳ್ತೀನಿ. ಕೇಳಲಿಲ್ಲ ಅಂದ್ರೆ ಇಳಿಸಿಬಿಡೋದೇ. ಎಂಥಾ ದೊಡ್ಡ ಮನುಷ್ಯನಾಗಿರಲಿ."

ಅಷ್ಟರಲ್ಲಿ ಅವನ ಹಿಂದೆಲ್ಲೋ ಸೀಟಿ ಕೇಳಿಸಿತು. "ಸೀಟಿ ಹೊಡೆದ್ರು ಮೇಡಂ, ಬರ್ತೀನಿ!" ಮೀಸೆ ಮಾಯವಾಯಿತು.

"ಅವನ ಹೊಟ್ಟೆ ನೋಡಿದ್ಯಾ?" ಅತ್ತೆ ಸೌಟು ಹಿಡಿದೇ ಬಂದು ಇಣುಕಿದರು. "ಈ ಆಸಾಮಿ ಮೈದಾನದಲ್ಲಿ ಓಡಿದ್ದಾನೆ ಅಂತ ನನಗಂತೂ ನಂಬಿಕೆ ಇಲ್ಲಮ್ಮಾ."

"ಓಡೋದು ಅವರಲ್ಲ ಅತ್ತೆ, ಓಡಿಸೋದು ಅವರು."

"ಓಡಿಸೋನ ಮುಖದಲ್ಲಿ ಇಷ್ಟು ನಿದ್ದೆ ಇರುತ್ತೇನು?"

ಸೊಸೆ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತ್ತು, ಅದಕ್ಕೆ ಮೀಸೆಯೂ ಇತ್ತು. ಮೀಸೆ ಕೋಚ್ ಹೇಳಿದ್ದನ್ನೆಲ್ಲ ಅವಳು ಸಾಹೇಬರ ಕಿವಿಗೆ ಮುಟ್ಟಿಸಿದಳು. ಸಾಹೇಬರು ಮುಂದಿನ ಪಂದ್ಯಕ್ಕೆ ವಯಸ್ಸಾದವರನ್ನು ಹಿಂದೆ ನಿಲ್ಲಿಸಿ, ಎಳೆಯರನ್ನು ಮುಂದೆ ಬಿಟ್ಟರು. ತಂಡ ಗೆಲ್ಲಲಿಲ್ಲ, ಸೋಲಲೂ ಇಲ್ಲ. ಆ ತಂಡದ ಮಟ್ಟಿಗೆ ಅದೇ ದೊಡ್ಡ ಪವಾಡ.

ಕೊನೆಯ ತರಗತಿಗೆ ಸಾಹೇಬರೇ ಸೊಸೆಯ ಮನೆಗೆ ಬಂದು ಪರದೆಯ ಮುಂದೆ ಕೂತರು.

"ಇಷ್ಟು ವರ್ಷದಲ್ಲಿ ಎಷ್ಟು ಸಲ ಸೋತಿದ್ದೀರಿ?"

ಮೀಸೆ ಕೋಚ್ ತಲೆ ಕೆರೆದುಕೊಂಡ. "ಸೋಲೋದಾ? ತಡ ಆಗಿದ್ದುಂಟು ಸಾರ್. ನನ್ನ ಜನ ಗುರಿ ಮುಟ್ಟದೆ ಉಳಿದದ್ದಿಲ್ಲ."

ಸಾಹೇಬರು ತೊಡೆ ತಟ್ಟಿದರು. "ನಮ್ಮೂರಿಗೆ ಬರ್ತೀರಾ?"

"ವಾರವಾರ ಬರ್ತಾನೇ ಇರ್ತೀನಲ್ಲ! ಶುಕ್ರವಾರ ಸಂಜೆ ರೈಲಿಗೆ ಬರ್ತೀನಿ, ನಿಲ್ದಾಣದಲ್ಲೇ ಸಿಗಿ. ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ."

"ಬಿಡುವಿಲ್ಲದ ಮನುಷ್ಯ," ಎಂದು ಸಾಹೇಬರು ಸೊಸೆಯ ಕಡೆ ತಿರುಗಿದರು. "ಪತ್ರಿಕೆಯವರಿಗೆಲ್ಲ ಹೇಳಿಕಳಿಸ್ತೀನಿ. ಇದೇನಾದ್ರೂ ಕೈಕೊಡ್ತೋ, ಸೋಮವಾರದಿಂದ ನೀವು ಬರೋದು ಬೇಡ."

ಶುಕ್ರವಾರ ನಿಲ್ದಾಣದ ತುಂಬ ಅವರದ್ದೇ ದರ್ಬಾರು. ಹೊಸ ಅಂಗಿ ತೊಟ್ಟ ಆಟಗಾರರು ಸಾಲಾಗಿ ನಿಂತಿದ್ದರು. ಕ್ಯಾಮೆರಾಗಳಿದ್ದವು. ಸಾಹೇಬರ ಕೈಯಲ್ಲಿ ತೊಟ್ಟಿಲ ಕೂಸಿನಷ್ಟು ದೊಡ್ಡ ಹೂಗುಚ್ಛ. ರೈಲು ಬಂದು ನಿಂತದ್ದೇ ತಡ, ಎಲ್ಲರೂ ದುಬಾರಿ ಡಬ್ಬಿಗಳ ಕಡೆ ದೌಡಾಯಿಸಿದರು. ಸೊಸೆ ಹಿಂದುಳಿದಳು. ಅವಳ ಎದುರಿನ ಬಾಗಿಲಲ್ಲೇ ಮೀಸೆ ಕಾಣಿಸಿತು.

ರೈಲಿನವರ ಸಮವಸ್ತ್ರ, ಹೆಗಲ ಮೇಲೆ ದಿಂಬು, ಹೊದಿಕೆಗಳ ಗುಡ್ಡೆ. "ಬನ್ನಿ ಮೇಡಂ, ಇದೇ ನನ್ನ ಕೋಚು!" ಎಂದು ಅವನು ಮಲಗುವ ಡಬ್ಬಿಯ ಬಾಗಿಲನ್ನು ಹೆಮ್ಮೆಯಿಂದ ತಟ್ಟಿದ. "ನನ್ನ ಜನ ಇನ್ನೂ ಮಲಗಿಲ್ಲ, ಹತ್ತಿ ನೋಡಿ."

ಆ ಶುಕ್ರವಾರ ಸಂಜೆ ಮೀಸೆ ಕೋಚ್ ತನ್ನ ಎಪ್ಪತ್ತು ಚಿಲ್ಲರೆ ಜನರೊಂದಿಗೆ ಊರು ಬಿಟ್ಟ. ಸಾಹೇಬರು ಹಿಂದಿರುಗಿ ನೋಡುವ ಮೊದಲೇ ಹತ್ತಿ, ಮೇಲಿನ ಬರ್ತಿನಲ್ಲಿ ತಲೆತನಕ ಹೊದ್ದುಕೊಂಡು, ಸೊಸೆಯೂ ತವರಿನ ದಾರಿ ಹಿಡಿದಳು.