ನಾಟಿಯ ನೋವು

ಮಾಳಮ್ಮ ಬಾಯಿ ತೆರೆಯುವ ಮೊದಲೇ ಡಾಕ್ಟರು ಚೀಟಿಯಲ್ಲಿ ‘ಸೊಂಟನೋವು’ ಎಂದು ಬರೆದುಬಿಟ್ಟಿದ್ದರು. ಕಾಲುವೆಗೆ ನೀರು ಬಂದು ಭತ್ತದ ನಾಟಿ ಶುರುವಾದಾಗಿನಿಂದ ಶಹಾಪುರದ ಸುತ್ತಿನ ಹೆಂಗಸರು ಬರುತ್ತಿದ್ದುದು ಅದಕ್ಕೇ. ಎಲ್ಲರಿಗೂ ಅದೇ ಗುಳಿಗೆ.

ಅವಳು ಚೀಟಿಗೆ ಕೈ ಚಾಚಲಿಲ್ಲ. ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು. ಆರು ವಾರದಿಂದ ಅವರು ಕೊಟ್ಟ ಗುಳಿಗೆಗಳು, ಒಂದನ್ನೂ ನುಂಗಿರಲಿಲ್ಲ. “ಇವು ಮನ್ಯಾಗ ಇದ್ರ ನನಗ ನನ್ನದೇ ಅಂಜಿಕಿ ಆಗ್ತದ್ರಿ. ಏನರ ಮಾಡ್ಕೋತೀನೇನೋ ಅನಸ್ತದ. ನೀವೇ ಇಟ್ಕೋರಿ.”

ಡಾಕ್ಟರು ಚಾಚಿದ್ದ ಚೀಟಿಯನ್ನು ಕೆಳಗಿಟ್ಟರು. “ಮತ್ತ ಸೊಂಟನೋವು?”

“ಸೊಂಟ ಅಂತ ನಾ ಯಾವಾಗ ಹೇಳೀನ್ರಿ? ಮಗಳು ತೀರಿಕೊಂಡ ಮ್ಯಾಲ ನಾ ಗದ್ದಿಗೆ ಇಳಿದೇ ಇಲ್ಲ.”

ಅವರು ಮೊದಲ ಸಲ ಅವಳ ಕೈ ನೋಡಿದರು. ಉಗುರಿನಲ್ಲಿ ಕೆಸರಿರಲಿಲ್ಲ. ಸ್ಟೂಲನ್ನು ಹತ್ತಿರಕ್ಕೆ ಎಳೆದು, “ಕುಂದ್ರವ್ವಾ. ಮಗಳ ಹೆಸರೇನು?” ಎಂದರು.

ಮಾಳಮ್ಮ ಕೂತಳು. ಬಾಗಿಲಾಚೆ ನಿಂತಿದ್ದ ಗಂಡನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಇಲ್ಲಿ ಹೇಳಬಹುದೇನ್ರಿ? ಮನ್ಯಾಗ ಅಕಿ ಹೆಸರು ತಗಿಬ್ಯಾಡ ಅಂತಾರ.”