ಫ್ಲಾರೆನ್ಸಿನ ಹಿಟ್ಟು

"ಆ ಪಾಟಿ ದೊಡ್ಡ ಪಟ್ಣದಾಗೆ ಉಣ್ಣಾಕೆ ನಿಂಗೆ ಬ್ಯಾರೆ ಮನೇನೇ ಸಿಗ್ನಿಲ್ವೇನ್ಲಾ, ಮುಂಡೇ..."

ಬೈಗುಳದ ಬಾಲವನ್ನು ಸಿದ್ದಯ್ಯ ಅಲ್ಲೇ ಕಚ್ಚಿಕೊಂಡ. ಸತ್ತ ತಮ್ಮನ ಹೆಂಡತಿ, ವಿಧವೆ ಕುಳ್ಳಮ್ಮ ಹೊಸ್ತಿಲ ಒಳಗೆ ಬಾಗಿಲ ಮರೆಯಲ್ಲೇ ನಿಂತಿದ್ದಳು. ಜಗಲಿಯ ಮೇಲೆ ಮುತ್ತುಗದೆಲೆಯ ಮುಂದೆ ಕೂತು ಬೈಸಿಕೊಳ್ಳುತ್ತಿದ್ದವನು ಅವಳ ಒಬ್ಬನೇ ಮಗ ಸಣ್ಣಬೀರಯ್ಯ. ಯುದ್ಧ ಮುಗಿಸಿ ಇಟಲಿಯಿಂದ ಹುಣಸೂರಿಗೆ ಬಂದಿಳಿದು ಊರು ಸೇರಿದಾಗಿನಿಂದ ಅವನ ಊಟ, ನಿದ್ದೆ ಎಲ್ಲ ಆ ಜಗಲಿಯ ಮೇಲೇ. ಕಡಲು ದಾಟಿ ಕಂಡವರ ಕೈಯಲ್ಲಿ ಉಂಡು ಬಂದವನು ಕುಲದವರ ಮುಂದೆ ತಪ್ಪಾಯಿತು ಅನ್ನಬೇಕು, ಕಾಯಿಸಿದ ಎಕ್ಕದ ಕಡ್ಡಿಯನ್ನು ನಾಲಿಗೆಗೆ ಮುಟ್ಟಿಸಿಕೊಳ್ಳಬೇಕು, ಆಮೇಲೆ ಹೊಸ್ತಿಲು ತುಳಿಯಬೇಕು. ಅಲ್ಲಿಯ ತನಕ ಹೆತ್ತವಳೂ ದೂರ ನಿಂತು ಎಲೆಗೆ ಎತ್ತಿಹಾಕಬೇಕು, ನಾಯಿಗೆ ಹಾಕಿದ ಹಾಗೆ. ನಾಳೆ ಕುಲದವರು ಕೂಡುವವರಿದ್ದರು. ನಾಳೆ ಮಗ ಒಳಗೆ ಬರುತ್ತಾನೆಂದು ಕುಳ್ಳಮ್ಮ ಆಗಲೇ ಒಲೆಯ ಮುಂದೆ ಅವನ ಮಣೆ ಹಾಕಿಟ್ಟಿದ್ದಳು.

ಕಡ್ಡಿಗೆ ಅವನೂ ಒಪ್ಪಿದ್ದ. ಸುಮ್ಮನೆ ಉಂಡು ಏಳಬಾರದಿತ್ತೆ? ದೊಡ್ಡಪ್ಪ ಕೇಳಿದನೆಂದು ಆ ಪಟ್ಟಣದ ಕಥೆ ತೆಗೆದು ಕೂತ.

"ಸಿಪಾಯಿಗಳ್ಗೆ ಅಂತ ಕ್ಯಾಂಪಿತ್ತು ಅಂತೀಯ. ಮಂಚ ಇತ್ತು, ನಮ್ ಸೀಮೆ ಅಡ್ಗೆಯೋನಿದ್ದ ಅಂತೀಯ. ಅದ್ನ ಬುಟ್ಟು ಆ ಮುದುಕಿ ಮನೆಗ್ಯಾಕ್ಲಾ ನುಗ್ದೆ?" ಸಿದ್ದಯ್ಯ ಮತ್ತೆ ಗುಡುಗಿದ.

"ನುಗ್ನಿಲ್ಲ ದೊಡ್ಡಪ್ಪ. ರಜಾ ಕೊಟ್ಟಿದ್ರು, ಕ್ಯಾಂಪಿನ ದಾರಿ ಉಡೀಕ್ಕಂಡ್ ಓಯ್ತಿದ್ದೆ. ಫ್ಲಾರೆನ್ಸ್ ಅಂತ ಊರು. ಸಂದಿ ಒಳಗ್ ಸಂದಿ. ಓಟ್ಲುಗಳಿದ್ವು, ಮೇಜಿನ ಮ್ಯಾಲೆ ಬಿಳೀ ಬಟ್ಟೆ ಆಸಿದ್ರು. ಕಾಸಿಗೆ ಅನ್ನ ಮಾರೋರ ತಾವ ಉಣ್ಬ್ಯಾಡ ಅಂತ ಅವ್ವ ಯೋಳಿ ಕಳ್ಸಿದ್ಲಲ್ಲ, ಒಳಕ್ಕೋಗ್ನಿಲ್ಲ. ಮುಂದ್ಕೋದ್ರೆ ಒಂದ್ ಬಾಗ್ಲು ತೆಗ್ದಿತ್ತು. ಒಬ್ಬಳು ಮುದುಕಿ ಇಟ್ಟು ತಿರುವ್ತಿದ್ಲು."

"ಇಟ್ಟಾ? ನಮ್ ಇಟ್ಟಾ?" ಬಾಗಿಲ ಮರೆಯಿಂದ ಕುಳ್ಳಮ್ಮನ ತಲೆ ಹೊರಬಂತು.

"ರಾಗೀದಲ್ಲ ಕಣವ್ವ, ಮುಸುಕಿನ ಜೋಳದ್ದು. ಅರಿಸ್ನದ ಬಣ್ಣ. ಗಡಿಗೇಲಿ ಕೋಲಾಕಿ, ನಿನ್ನಂಗೇ ತುಟಿ ಕಚ್ಕಂಡು ತಿರುವ್ತಿದ್ಲು."

"ಗಂಟಾಗ್ನಿಲ್ವಾ?"

"ಒಂದ್ ಗಂಟಿಲ್ಲ. ಮಣೆ ಮ್ಯಾಲೆ ಕವುಚಿ, ನೂಲ್ನಾಗೆ ಕುಯ್ದ್ಲು."

"ನೂಲ್ನಾಗೆ!" ಕುಳ್ಳಮ್ಮನ ಎರಡು ಕೈಗಳೂ ತಮ್ಮಷ್ಟಕ್ಕೆ ತಾವೇ ಗಾಳಿಯಲ್ಲಿ ಒಂದು ದಾರ ಹಿಡಿದು ಎಳೆದವು. ಹಿಟ್ಟಿನ ಮುದ್ದೆಯನ್ನು ಕೈಯಲ್ಲಿ ಮುರಿಯುವುದು ಬಿಟ್ಟು ಬೇರೆ ದಾರಿಯಿದೆಯೆಂದು ಅವಳು ಕನಸಿನಲ್ಲೂ ಕಂಡಿರಲಿಲ್ಲ.

"ಸಾರೇನಿತ್ಲಾ?" ಅಂದುಬಿಟ್ಟ ಸಿದ್ದಯ್ಯ. ಅಂದಮೇಲೆ ತನ್ನ ಬಾಯಿಯ ಮೇಲೆ ತನಗೇ ಸಿಟ್ಟು ಬಂದು ಹೆಗಲ ಮೇಲಿನ ಟವಲನ್ನು ಕಂಬಕ್ಕೆ ಬಡಿದ.

"ಸಾರೆಲ್ಲಿ ಬತ್ತದೆ ದೊಡ್ಡಪ್ಪ, ಯುದ್ಧ. ಉಪ್ಪು, ಒಂದ್ ಈರುಳ್ಳಿ. ಇದ್ದದ್ರಲ್ಲಿ ಅರ್ಧ ನಂಗಿಕ್ಕಿದ್ಲು. ರಜಾ ಮುಗಿಯೋಗಂಟ ಅಲ್ಲೇ ಉಳ್ಕಂಡೆ. ಚಳಿ ಅಂತ ಒಲೆ ಪಕ್ದಾಗೇ ಚಾಪೆ ಆಸ್ಕೊಟ್ಲು."

ಒಲೆಯ ಪಕ್ಕ! ಕುಳ್ಳಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಅವ್ಳ ಕುಲ ಯಾವ್ದು ಅಂತ ಕೇಳ್ದೇನ್ಲಾ?" ಅಂದ ಸಿದ್ದಯ್ಯ.

"ಅವ್ಳೂ ಕೇಳ್ನಿಲ್ಲ."

ಸಿದ್ದಯ್ಯ ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಕೆಟ್ಟವನೇನಲ್ಲ ಅವನು. ತಮ್ಮ ಬಿಟ್ಟುಹೋದ ಕೂಸನ್ನು ಹೆಗಲ ಮೇಲೆ ಹೊತ್ತು ಸಾಕಿದವನು. ಕಟ್ಟು ಮೀರಲಾರದವನು, ಅಷ್ಟೇ. ದನಿ ತಗ್ಗಿಸಿ ಹೇಳಿದ: "ಆದದ್ದಾಯ್ತು. ನಾಳೆ ಕುಲದೋರ ಮುಂದೆ, ಆ ಮುದುಕಿ ಮನೇಲಿ ಉಂಡದ್ದು ತಪ್ಪಾಯ್ತು, ಮೈಲ್ಗೆ ಆಯ್ತು ಅಂತ ಬಾಯ್ಬುಟ್ಟು ಅನ್ನು. ಮಿಕ್ಕಿದ್ದು ನಾನ್ ನೋಡ್ಕತೀನಿ."

"ಕಡಲು ದಾಟಿದ್ದು ತಪ್ಪು ಅಂತೀನಿ. ಕಡ್ಡಿ ಬೇಕಾದ್ರೆ ಎಲ್ಡ್ ಸಲ ಇಡಿ. ಉಂಡ ಮನೆಗೆ ಎರಡು ಬಗೆಯಾಕಿಲ್ಲ ನಾನು."

"ಅಂದ್ಬುಡ್ಲಾ ಮಗ," ಕುಳ್ಳಮ್ಮ ಅಂಗಲಾಚಿದಳು. "ಒಂದ್ ಮಾತು. ಇಲ್ಲಿ ಅಂದದ್ದು ಅವ್ಳಿಗೇನ್ ಕೇಳ್ತದಾ?"

"ನಂಗ್ ಕೇಳ್ತದಲ್ಲವ್ವ."

"ಅಂಗಾರೆ ಜಗ್ಲೀಲೇ ಬಿದ್ದು ಸಾಯಿ!" ಸಿದ್ದಯ್ಯನ ಸಿಟ್ಟು ಮತ್ತೆ ನೆತ್ತಿಗೇರಿತು. "ನಾನಿರೋಗಂಟ ಈ ಮನೆ ಒಳೀಕೆ ಕಾಲಿಡ್ಸಾಕಿಲ್ಲ!"

ಸಣ್ಣಬೀರಯ್ಯ ಎಲೆ ಬಿಟ್ಟು ಎದ್ದ. ಕೈ ತೊಳೆದ. ಗೋಡೆಗೆ ಒರಗಿಸಿದ್ದ ಸಿಪಾಯಿ ಚೀಲವನ್ನು ಬೆನ್ನಿಗೆ ಏರಿಸಿದ. ತಾಯಿಯ ಕಾಲು ಮುಟ್ಟಲು ಬಗ್ಗಿದವನ ಕೈ ಹೊಸ್ತಿಲ ಹತ್ತಿರ ಬಂದು ನಿಂತಿತು. ಅಲ್ಲಿಂದಲೇ ಎದ್ದು, ಬಿಸಿಲಲ್ಲಿ ಹುಣಸೂರಿನ ದಾರಿ ಹಿಡಿದ.

"ಓಗ್ಲಿ ಬುಡವ್ವ," ಅಂದ ಸಿದ್ದಯ್ಯ. "ಒಟ್ಟೆ ಅಸಿದ್ರೆ ತಾನೇ ಬತ್ತಾನೆ."

ಅವನು ಬರಲಿಲ್ಲ. ಆ ಸಂಜೆಯೂ ಇಲ್ಲ, ಆ ವರ್ಷವೂ ಇಲ್ಲ. ಅದು ಆಮೇಲಿನ ಮಾತು. ಆಗ ನಡೆದದ್ದು ಇಷ್ಟು: ಭಾವನ ಎದುರು ಎಂದೂ ನಿಲ್ಲದಿದ್ದ ಕುಳ್ಳಮ್ಮ ಹೊಸ್ತಿಲು ದಾಟಿ ಬಂದಳು. ಮಗನ ಎಂಜಲೆಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಅವನು ಮುರಿದು ಬಿಟ್ಟ ಮುದ್ದೆಯನ್ನು ಹುರುಳಿ ಸಾರಿಗೆ ಅದ್ದಿ, ಸಿದ್ದಯ್ಯನ ಮುಖವನ್ನೇ ನೋಡುತ್ತ, ನುಂಗಿದಳು.