ವಾರಂಟಿ ಮುಗಿಯುವ ದಿನ

ಗಾಯ ತಾನೇ ಮಾಯುವ ಕಾರುಗಳು ಬಂದ ಮೇಲೆ ಗದಗಿನಲ್ಲಿ ಗ್ಯಾರೇಜಿಗೆ ಹೋಗುವವರು ಕಡಿಮೆ. ಬಾಗಿಲಿಗೆ ಗೀರು ಬಿದ್ದರೆ ಬೆಳಗಾಗುವಷ್ಟರಲ್ಲಿ ಮಾಯುತ್ತಿತ್ತು. ಆದರೂ ತಮ್ಮ ಕಾರಿನ ವಾರಂಟಿ ಮುಗಿಯುತ್ತಿದೆಯೆಂದು ಸುಮಂಗಲಾ ತನ್ನ ತಾಯಿ ಬಸಲಿಂಗವ್ವನೊಂದಿಗೆ ಶೋರೂಮಿಗೆ ಬಂದಿದ್ದಳು.

"ವಾರಂಟಿ ಮುಂದುವರಿಸಿದ್ರ ಏನು ಉಪಯೋಗ ರೀ?" ಎಂದು ಕೇಳಿದಳು ಸುಮಂಗಲಾ.

"ದಾರಿಯಾಗ ನಿಂತ್ರ ನಾವು ನೋಡ್ಕೊಂತೀವ್ರಿ ಮೇಡಂ," ಎಂದ ಸೇಲ್ಸ್‌ಮನ್ ಅಷ್ಫಾಕ್. "ಆದ್ರ ಹಳೇ ಕಾರು ತಮಗ ತಿಳಿದಂಗ ಬೆಳೀತಾವು. ಮೊದಲು ಹಂಗ ಬೆಳೆದದ್ದನ್ನೆಲ್ಲ ತೆಗೆದು, ಕಂಪನಿಯಿಂದ ಬಂದಾಗ ಹೆಂಗಿತ್ತೋ ಹಂಗ ಮಾಡ್ತೀವಿ."

ದಾರಿಯಲ್ಲಿ ಕಾರು ನಿಂತರೆ ಏನು ಗತಿ ಎಂಬ ಭಯ ಸುಮಂಗಲಾಗೂ ಇತ್ತು. ಆದರೂ ಅವಳು, "ಒಮ್ಮೆ ಹೊರಗ ಬಂದು ನೋಡ್ರಿ," ಎಂದಳು.

ಬಸಲಿಂಗವ್ವನ ಮೊಣಕಾಲು ಮಡಚುತ್ತಿರಲಿಲ್ಲ. ಅವಳು ಹತ್ತಿರ ಬಂದೊಡನೆ ಕಾರಿನ ಬಾಗಿಲು ತೆರೆದು, ಕೆಳಗಿನಿಂದ ಮೆಟ್ಟಿಲೊಂದು ಮೆಲ್ಲಗೆ ಹೊರಬಂತು. ಅದರ ಮೇಲೆ ಅವಳ ಸೊಟ್ಟ ಪಾದದ್ದೇ ಅಚ್ಚು. ಒಳಗಿನಿಂದ ಹಿಡಿಕೆಯೊಂದು ಬಾಗಿ ಅವಳ ಅಂಗೈಗೆ ಸಿಕ್ಕಿತು. ಅವಳು ಆರಾಮಾಗಿ ಹತ್ತಿ ಕುಳಿತಳು.

ಅಷ್ಫಾಕ್ ಮಂಡಿಯೂರಿ ಮೆಟ್ಟಿಲು ಮುಟ್ಟಿದ. ಬೆಚ್ಚಗಿತ್ತು.

"ಇದನ್ನ ನಾವು ಕಲಿಸಿಲ್ರಿ," ಎಂದ, ತನಗೇ ಹೇಳಿಕೊಂಡಂತೆ.

"ಎಲ್ಲಾ ಕಾರೂ ಹಿಂಗ ಇರ್ತಾವಲ್ಲೇನಪಾ?" ಎಂದಳು ಬಸಲಿಂಗವ್ವ ಒಳಗಿನಿಂದ.

"ನಮಗ ವಾರಂಟಿ ಬ್ಯಾಡ್ರಿ," ಎಂದಳು ಸುಮಂಗಲಾ. ಅವನು ಒತ್ತಾಯಿಸಲಿಲ್ಲ.

ಮುದುಕಿಯ ಸೆರಗು ಇನ್ನೂ ಹೊರಗೆ ಜೋತುಬಿದ್ದಿತ್ತು. ಅವಳು ಅದನ್ನು ನಿಧಾನವಾಗಿ ಒಳಗೆಳೆದುಕೊಳ್ಳುವವರೆಗೂ ಬಾಗಿಲು ಕಾದು ನಿಂತಿತು. ಆಮೇಲೆ ಸದ್ದಿಲ್ಲದೆ ಮುಚ್ಚಿಕೊಂಡಿತು.